ಹೆಸರುಳ್ಳ ಯುದ್ಧದ ಆಟ

ಹೋದ ತಿಂಗಳು ಈ ಪುಟದಲ್ಲಿ ರಜೆಯ ಕಾಲದ ಆಟಪಾಟಗಳನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆನಷ್ಟೆ. ಅದನ್ನೋದಿದ ವಾಚಕ ಮಹಾಶಯರೊಬ್ಬರು, “ತಾವು ಪಗಡೆ, ಚೌಕಾಬಾರ, ಅಳಗುಳಿಮಣೆಗಳನ್ನೆಲ್ಲ ಹೊಗಳಿದಿರಿ, ಮೊಬೈಲ್ ಫೋನಿನ ಆಟಗಳನ್ನು ಮಾತ್ರ ಒಂದೇ ವಾಕ್ಯದಲ್ಲಿ ಬೈದು ಮುಗಿಸಿದಿರಿ. ತಾವು ಅವನ್ನು ಕಣ್ಣಾರೆ ನೋಡಿರುವಿರೊ?” ಎಂದು ಕಾಗದ ಬರೆದು ಕೇಳಿರುವರು. ಇದ್ದುದನ್ನು ಒಪ್ಪಿಕೊಳ್ಳುತ್ತೇನೆ: ನೋಡಿರಲಿಲ್ಲ. ನೋಡದೆ ಬೈದುದು ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿ ಒಂದು ಸಾಯಂಕಾಲ ನಮ್ಮ ಮೊಮ್ಮಗನ ಪಕ್ಕದಲ್ಲಿ ಕನ್ನಡಕವನ್ನು ಏರಿಸಿಕೊಂಡು ಕುಳಿತೆನು.

ಹುಡುಗನಿಗೆ ಹದಿನಾಲ್ಕು ವರ್ಷ. ಅವನ ಆಟದಲ್ಲಿ ಒಂದು ಊರಿದ್ದಿತು. ಆ ಊರಿಗೆ ಹೆಸರಿರಲಿಲ್ಲ. ಬಂದೂಕು ಹಿಡಿದ ಹಲವರು ಗೋಡೆಗಳ ಮರೆಯಿಂದ ಬರುತ್ತಿದ್ದರು. ಅವರು ಯಾವ ದೇಶದವರೆಂದು ಕೇಳಿದೆ. “ಯಾರೋ ಶತ್ರುಗಳು, ತಾತ” ಎಂದನು. ಐದು ನಿಮಿಷದೊಳಗಾಗಿ ಅಂತಹ ಇಪ್ಪತ್ತು ಮಂದಿ ಯಾರೋ ಸತ್ತರು. ಅಷ್ಟರಲ್ಲಿ ಆಟ ತಾನಾಗಿಯೇ ನಿಂತು, ಸಾಬೂನಿನ ಜಾಹೀರಾತೊಂದು ಅರ್ಧ ನಿಮಿಷ ಕುಣಿಯಿತು. ಇದೇನು ಮಧ್ಯೆ ಬಾಯಿ ಹಾಕುವ ಪದ್ಧತಿ ಎಂದುದಕ್ಕೆ, “ಆಟ ಧರ್ಮಕ್ಕೆ ಬಂದದ್ದಲ್ಲವೆ, ತಾತ? ಈ ಜಾಹೀರಾತನ್ನು ನಾವು ನೋಡಿದರೆ ಆಟ ಮಾಡಿದವರಿಗೆ ದುಡ್ಡು ಸಿಕ್ಕುತ್ತದೆ” ಎಂದು ವಿವರಿಸಿದನು. ಒಂದು ಸಲದ ನೋಟಕ್ಕೆ ಬರುವುದು ಪುಡಿಗಾಸು. ಆದರೆ ನೋಡುವವರು ಲಕ್ಷಗಟ್ಟಲೆಯಾದರೆ ಹನಿಗೂಡಿ ಹಳ್ಳವಾಗುವುದು.

ಈ ಅರ್ಧ ನಿಮಿಷದ ಪುಡಿಗಾಸಿನಿಂದ ಒಂದು ದೇಶದಲ್ಲಿ ಏನೇನಾಯಿತೆಂಬುದನ್ನು ಆಮೇಲೆ ಓದಿ ತಿಳಿದುಕೊಂಡೆನು. ಅದನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಆ ದೇಶ ನಮಗೆ ಅಪರಿಚಿತವಾದುದಲ್ಲ. ನಮ್ಮ ಹಿರಿಯರು ಬ್ರಹ್ಮದೇಶವೆಂದು ಕರೆಯುತ್ತಿದ್ದ, 1937ರ ವರೆಗೆ ಬ್ರಿಟಿಷ್ ಇಂಡಿಯಾದ ಆಡಳಿತಕ್ಕೇ ಸೇರಿದ್ದ, 1989ರಿಂದೀಚೆಗೆ ಮ್ಯಾನ್ಮಾರ್ ಎಂದು ಹೆಸರು ಪಡೆದಿರುವ ನೆರೆಯ ನಾಡು. ಅಲ್ಲಿ 2020ರ ನವೆಂಬರ್ ತಿಂಗಳಲ್ಲಿ ಚುನಾವಣೆ ನಡೆದು, ಆಂಗ್ ಸಾನ್ ಸೂ ಚಿಯವರ ಪಕ್ಷಕ್ಕೆ ಬಹುಮತ ಬಂದಿತು. ಹೊಸ ಪಾರ್ಲಿಮೆಂಟು ಕೂಡಬೇಕಾಗಿದ್ದ ದಿನ, ಎಂದರೆ 2021ನೆಯ ಫೆಬ್ರವರಿ 1ರಂದು, ಬೆಳಗಾಗುವಷ್ಟರಲ್ಲಿ ಸೇನಾಧಿಪತಿ ಮಿನ್ ಆಂಗ್ ಹ್ಲೈಂಗ್ ಎಂಬಾತನು ಅಧಿಕಾರವನ್ನು ಕಸಿದುಕೊಂಡು ಆಕೆಯನ್ನು ಸೆರೆಯಲ್ಲಿಟ್ಟನು.

ಮರುದಿನದ ರಾತ್ರಿಯಿಂದ ನಡೆದುದು ಗೃಹಸ್ಥರಾದ ನಮಗೆಲ್ಲ ವಿಶೇಷವಾಗಿ ಗಮನಿಸತಕ್ಕುದಾಗಿದೆ. ರಂಗೂನಿನ ಮನೆಮನೆಯ ಹೆಂಗಸರು ಮಕ್ಕಳು ಕಿಟಕಿಗಳಿಗೂ ಉಪ್ಪರಿಗೆಗಳಿಗೂ ಬಂದು ತಪ್ಪಲೆ, ಬಾಣಲೆ, ಸೌಟುಗಳನ್ನು ಬಡಿಯತೊಡಗಿದರು. ಮನೆಯನ್ನು ಹೊಕ್ಕ ಕೆಟ್ಟ ಗಾಳಿಯನ್ನು ಪಾತ್ರೆ ಬಡಿದು ಓಡಿಸುವುದು ಆ ದೇಶದ ಹಳೆಯ ವಾಡಿಕೆಯಂತೆ. ಆ ವಾಡಿಕೆಯೇ ಈಗ ರಾಜಕೀಯವಾಯಿತು. ಮುಂದಿನ ತಿಂಗಳಲ್ಲಿ, ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ‘ತಮೇನ್’ ಎಂಬ ಬಟ್ಟೆಗಳನ್ನು ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ತೂಗುಹಾಕಿದರು. ಅದರ ಕೆಳಗೆ ನುಸುಳಿದರೆ ಗಂಡಸಿನ ಪೌರುಷ ಕುಂದುವುದೆಂದು ಅಲ್ಲಿ ಒಂದು ನಂಬಿಕೆ. ಬಂದೂಕು ಹೊತ್ತ ಸಿಪಾಯಿಗಳು ಆ ಬಟ್ಟೆಗಳನ್ನು ಕೆಳಗಿಳಿಸುವ ತನಕ ಮುಂದಕ್ಕೆ ಹೆಜ್ಜೆಯಿಡಲು ಹಿಂದೆಗೆದರು. ನಮ್ಮ ಮನೆಯಾಕೆಗೆ ಇದನ್ನು ಓದಿ ಹೇಳಿದಾಗ ಆಕೆ ನಕ್ಕು, “ಕಡೆಗೆ ಮಡಿಕೋಲಿನ ಮೇಲಿನ ಬಟ್ಟೆಯೂ ಕೆಲಸಕ್ಕೆ ಬಂತು” ಎಂದಳು.

ನಗುವಿನ ಕಾಲ ಬೇಗನೆ ಮುಗಿಯಿತು. ಸೈನ್ಯದವರು ಬೀದಿಗಳಲ್ಲಿ ಗುಂಡು ಹಾರಿಸಿದರು. ಫೇಸ್‌ಬುಕ್ಕನ್ನು ತಡೆದರು, ಮೊದಲು ರಾತ್ರಿಯ ಹೊತ್ತು ಅಂತರ್ಜಾಲವನ್ನು ಕಡಿದು, ಮಾರ್ಚ್ ತಿಂಗಳಲ್ಲಿ ಮೊಬೈಲ್ ಫೋನುಗಳಿಗೆ ಹಗಲೂ ಇಲ್ಲದಂತೆ ಮಾಡಿದರು. ವೈದ್ಯರು, ಉಪಾಧ್ಯಾಯರು, ರೈಲ್ವೆಯವರು ಸಾವಿರಾರು ಮಂದಿ ಸರ್ಕಾರದ ಕೆಲಸವನ್ನು ಬಿಟ್ಟು ಮನೆಯಲ್ಲಿ ಕುಳಿತರು. ಪದಚ್ಯುತರಾದ ಪ್ರತಿನಿಧಿಗಳು ಏಪ್ರಿಲಿನಲ್ಲಿ ರಾಷ್ಟ್ರೀಯ ಐಕ್ಯ ಸರ್ಕಾರವೆಂಬುದನ್ನು ಏರ್ಪಡಿಸಿದರು. ಮೇ ತಿಂಗಳಲ್ಲಿ ಅದಕ್ಕೆ ‘ಜನರಕ್ಷಣಾ ದಳ’ವೆಂಬ ಸೈನ್ಯವಾಯಿತು. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು ಪಿ.ಡಿ.ಎಫ್. ಎನ್ನುವರು. ಸೇನಾಧಿಕಾರಿಗಳು ಕೂಡಲೇ ಆ ಸರ್ಕಾರವನ್ನೂ ಆ ದಳವನ್ನೂ ಭಯೋತ್ಪಾದಕರೆಂದು ಸಾರಿದರು. ಅಲ್ಲಿಂದ ಮುಂದೆ ಅದು ಅಂತಃಕಲಹವೇ ಸರಿ.

ಕೆಲಸ ಬಿಟ್ಟವನ ಮನೆಯಲ್ಲಿ ಒಲೆ ಉರಿಯಬೇಕು. ಕಾಡು ಸೇರಿದವನಿಗೆ ಅನ್ನವೂ ಔಷಧವೂ, ಮುಚ್ಚಿಡದೆ ಹೇಳುವುದಾದರೆ ಗುಂಡೂ, ಬೇಕು. ದುಡ್ಡೆಲ್ಲಿಂದ ಬರಬೇಕು? ಸರ್ಕಾರದ ಲಾಟರಿಯನ್ನು ಜನರು ಬಹಿಷ್ಕರಿಸಿದ್ದರು. 2021ರ ಆಗಸ್ಟಿನಲ್ಲಿ ಐಕ್ಯ ಸರ್ಕಾರದವರು ತಮ್ಮದೇ ಲಾಟರಿಯನ್ನು ಹೂಡಿ, ಬಂದ ಹಣದ ಬಹುಭಾಗವನ್ನು ಕೆಲಸ ಬಿಟ್ಟವರ ಸಂಸಾರಗಳಿಗಾಗಿ ತೆಗೆದಿಟ್ಟರು. ನವೆಂಬರಿನಲ್ಲಿ ಬಡ್ಡಿಯಿಲ್ಲದ ಸಾಲಪತ್ರಗಳನ್ನು ಹೊರಡಿಸಿದರು. ಬಡ್ಡಿಯಿಲ್ಲದ ಪತ್ರವನ್ನು ಕೊಳ್ಳುವವರು ಯಾರೆಂದು ನಾವು ಕೇಳುವೆವು, ಕೊಳ್ಳುವವರು ಇದ್ದರು.

ಆದರೆ ಇವಕ್ಕೆಲ್ಲ ಕೈಯಲ್ಲಿ ಕಾಸಿರಬೇಕಷ್ಟೆ. ಕಾಸೂ ಇಲ್ಲದವನು ಏನನ್ನು ಕೊಡಬಲ್ಲನು? ಅವನ ಹತ್ತಿರ ಹೊತ್ತು ಇದೆ, ಒಂದು ಫೋನು ಇದೆ. ಆ ಹೊತ್ತನ್ನೇ ಕಾಸಾಗಿ ಮಾಡುವ ಉಪಾಯವನ್ನು ತರುಣರು ಕಂಡುಹಿಡಿದರು. ಕೆಲವು ತಾಣಗಳಲ್ಲಿ ಜಾಹೀರಾತುಗಳನ್ನಿಟ್ಟು, “ಇವನ್ನು ಒತ್ತಿರಿ, ನೋಡಿರಿ, ಬಂದ ಹಣ ಹೋರಾಟಕ್ಕೂ ನಿರಾಶ್ರಿತರಿಗೂ ಸೇರುವುದು” ಎಂದು ಸಾರಿದರು. 2022ರಲ್ಲಿ ಇದೇ ಉಪಾಯದ ಮೇಲೆ ಒಂದು ಆಟ ಹೊರಟಿತು. ಅದರ ಹೆಸರು ‘ದಿ ಪಿ.ಡಿ.ಎಫ್. ಗೇಮ್’. ಆಟಗಾರನು ಜನರಕ್ಷಣಾ ದಳದ ಯೋಧನಾಗಿ ಸೈನಿಕರೊಡನೆ ಕಾದತಕ್ಕುದು. ನಡುನಡುವೆ ಜಾಹೀರಾತನ್ನು ನೋಡತಕ್ಕುದು. ಜಾಹೀರಾತಿನ ದುಡ್ಡು ನಿಜವಾದ ದಳಕ್ಕೂ ಕಷ್ಟದಲ್ಲಿರುವ ಜನಕ್ಕೂ ಹೋಗತಕ್ಕುದು. ಸಿರಿವಂತ ದೇಶಗಳಲ್ಲಿ ಕುಳಿತು ನೋಡಿದ ಜಾಹೀರಾತಿಗೆ ಬೆಲೆ ಹೆಚ್ಚು. ಆದುದರಿಂದ ಹೊರದೇಶದಲ್ಲಿರುವ ಬರ್ಮೀಯನ ಅರ್ಧ ನಿಮಿಷಕ್ಕೆ ತೂಕವೂ ಹೆಚ್ಚು. ಸಾಬೂನು ಮಾರುವ ಯಾವನೋ ಸಾಹುಕಾರನು, ತನ್ನ ಪುಡಿಗಾಸು ಯಾವ ಕಾಡಿನಲ್ಲಿ ಯಾರ ಗಂಜಿಯಾಯಿತೆಂದು ತಿಳಿಯದೆಯೇ ದಾನಿಯಾದನು. ಇದೊಂದು ವಿಚಿತ್ರವಾದ ದಾನ.

ಆಡುವವನಿಗೆ ಇದು ಅಪಾಯವಿಲ್ಲದ ಆಟವೆಂದು ಭಾವಿಸಕೂಡದು. ಭಯೋತ್ಪಾದಕರೆಂದು ಸಾರಲ್ಪಟ್ಟವರಿಗೆ ಹಣ ಒದಗಿಸುವುದು ಅಲ್ಲಿನ ಕಾನೂನಿನಂತೆ ಸೆರೆಮನೆಗೆ ದಾರಿ. ಸಿಪಾಯಿಗಳು ದಾರಿಯಲ್ಲಿ ತಡೆದು ಫೋನನ್ನು ಕಸಿದುಕೊಂಡು ಒಳಗೇನಿದೆಯೆಂದು ಶೋಧಿಸುವರು. ಬಸ್ಸು ಹತ್ತುವ ಮೊದಲು ಆಟವನ್ನು ಅಳಿಸಿ, ಊರು ಸೇರಿದ ಮೇಲೆ ಮತ್ತೆ ಇಳಿಸಿಕೊಳ್ಳಬೇಕು. ನಮ್ಮ ಹುಡುಗರು ಆಟವನ್ನು ಬಚ್ಚಿಡುವುದು ಪರೀಕ್ಷೆಯ ಕಾಲದಲ್ಲಿ, ಅದೂ ತಂದೆಯ ಕಣ್ಣಿಗೆ ಮಾತ್ರ. ಅಲ್ಲಿನ ತಾಯಿತಂದೆಗಳು ತಾವೇ ಮಗನ ಫೋನನ್ನು ತಡಕಿ, ಇದೆಯೊ ಇಲ್ಲವೊ ನೋಡಿ, ಆಮೇಲೆ ಹೊರಗೆ ಕಳಿಸಬೇಕಾದಂತಹ ಕಾಲ.

ಇನ್ನು ನನಗೆ ಎಲ್ಲಕ್ಕಿಂತ ಆಶ್ಚರ್ಯವನ್ನುಂಟುಮಾಡಿದ ಸಂಗತಿಯನ್ನು ಹೇಳುತ್ತೇನೆ. ಈ ಆಟಗಳು ಗೂಗಲ್, ಆಪಲ್ ಎಂಬ ಎರಡು ಕಂಪೆನಿಗಳ ಅಂಗಡಿಗಳ ಮೂಲಕವೇ ಬಹುಮಟ್ಟಿಗೆ ಜನರ ಕೈಸೇರುವುವು. ಗೂಗಲ್ ಅಂಗಡಿಯವರು ‘ದಿ ಪಿ.ಡಿ.ಎಫ್. ಗೇಮ್’ ಅನ್ನು, ಸೂಕ್ಷ್ಮವಾದ ಘಟನೆಗಳನ್ನು ಬಳಸಿಕೊಳ್ಳಕೂಡದೆಂಬ ತಮ್ಮ ನಿಯಮಕ್ಕೆ ವಿರೋಧವೆಂದು ತೆಗೆದುಹಾಕಿದರು. ಆಟ ರಚಿಸಿದವರು ಅದನ್ನು ತಿದ್ದಿ, ‘ವಾರ್ ಆಫ್ ಹೀರೋಸ್’, ಎಂದರೆ ವೀರರ ಯುದ್ಧ, ಎಂಬ ಹೊಸ ಹೆಸರಿನಿಂದ ಮತ್ತೆ ತಂದರು. ವೀರರು ಯಾರು, ಯಾವ ದೇಶದವರು, ಯಾರ ಮೇಲೆ ಯುದ್ಧ? ಹೆಸರಿನಲ್ಲಿ ಇಲ್ಲ. ಹೆಸರಿಲ್ಲದುದರಿಂದ ಅಂಗಡಿಯೊಳಕ್ಕೆ ಪ್ರವೇಶ ಸಿಕ್ಕಿತು.

ಇದು ಮೊದಲನೆಯ ಸಲವಲ್ಲ. ಸಿರಿಯಾ ದೇಶದ ಅಂತರ್ಯುದ್ಧ ಎರಡನೆಯ ವರ್ಷದಲ್ಲಿದ್ದಾಗ, 2012ರ ಕೊನೆಯಲ್ಲಿ, ಇಂಗ್ಲೆಂಡಿನ ಬ್ರಿಸ್ಟಲಿನವರಾದ ಟಾಮಸ್ ರಾಲಿಂಗ್ಸ್ ಎಂಬವರು ‘ಎಂಡ್‌ಗೇಮ್: ಸಿರಿಯಾ’ ಎಂಬುದನ್ನು ರಚಿಸಿದರು. ವೃತ್ತಪತ್ರಿಕೆ ಬರೆದು ಹೇಳುವ ಸುದ್ದಿಯನ್ನು ಆಡಿಸಿ ಹೇಳಬೇಕೆಂಬುದು ಅವರ ಉದ್ದೇಶ. ಆಟಗಾರನು ದಂಗೆಯ ಪಕ್ಷದವನು. ಅವನು ಸಂಧಾನ, ಸಹಾಯ, ದಾಳಿ ಇವುಗಳಲ್ಲಿ ಒಂದೊಂದನ್ನು ಆರಿಸುತ್ತ ಹೋಗಬೇಕು. ದಾಳಿಯಲ್ಲಿ ಗೆದ್ದಂತೆಲ್ಲ ಊರು ಹಾಳಾಗುತ್ತ ಹೋಗುವುದು. ಆಪಲಿನವರು ಅದನ್ನು ತಿರಸ್ಕರಿಸಿದರು. ಆಟದೊಳಗಿನ ಶತ್ರುಗಳು ಒಂದು ನಿಜವಾದ ಸರ್ಕಾರವನ್ನಾಗಲಿ, ಜನಾಂಗವನ್ನಾಗಲಿ, ಸಂಸ್ಥೆಯನ್ನಾಗಲಿ ಗುರಿಮಾಡಿ ತೋರಿಸುವಂತಿರಬಾರದೆಂಬುದು ಅವರ ಕಟ್ಟಳೆ. ಕಡೆಗೆ 2013ರಲ್ಲಿ ಆಟದಿಂದ ಸಿರಿಯಾದ ಹೆಸರುಗಳನ್ನೆಲ್ಲ ಕಿತ್ತುಹಾಕಿ, ‘ಎಂಡ್‌ಗೇಮ್: ಯುರೇಷಿಯಾ’ ಎಂಬುದಾಗಿ ಅದೇ ಅಂಗಡಿಯಲ್ಲಿ ಇಟ್ಟರು. ಯುರೇಷಿಯಾ ಎಂದರೆ ಎರಡು ಖಂಡ! ಒಂದು ಊರಿನ ಅಳಲನ್ನು ಎರಡು ಖಂಡಗಳ ಮೇಲೆ ಹರಡಿದರೆ ಯಾರ ಕೈಗೂ ತಾಕದಷ್ಟು ತೆಳ್ಳಗಾಗುವುದು.

ನಮ್ಮ ಮೊಮ್ಮಗನ ಆಟದಲ್ಲಿ ಐದು ನಿಮಿಷಕ್ಕೆ ಇಪ್ಪತ್ತು ಮಂದಿ ಸಾಯುವುದಕ್ಕೆ ಯಾವ ಅಂಗಡಿಯವರ ಆಕ್ಷೇಪಣೆಯೂ ಇಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಕೊಲ್ಲುವುದಕ್ಕೆ ಅಡ್ಡಿಯಿಲ್ಲ, ಕೊಲ್ಲುವವನಿಗೂ ಸಾಯುವವನಿಗೂ ಊರಿನ ಹೆಸರಿದ್ದರೆ ಮಾತ್ರ ಅಡ್ಡಿ. ನನ್ನ ಎಣಿಕೆಯಲ್ಲಿ ಇದು ತಲೆಕೆಳಗಾದ ಮರ್ಯಾದೆ.

ಆದರೆ ಕಟ್ಟಳೆ ಮಾಡಿದವರ ಪಕ್ಷದಲ್ಲಿಯೂ ನ್ಯಾಯವಿಲ್ಲವೆನ್ನಲಾರೆ. ಹೆಸರಿಟ್ಟು ಆಡಿಸಬಹುದೆಂದು ಬಾಗಿಲನ್ನು ತೆರೆದರೆ ಅದರೊಳಕ್ಕೆ ದುರ್ಬಲರು ಮಾತ್ರವೇ ಬರುವರೆ? ಬಲಿಷ್ಠರು ಮೊದಲೇ ಬಂದಿರುವರು. ಅಮೆರಿಕದ ಸೈನ್ಯವು 2002ರಲ್ಲಿ ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು ತಾನೇ ಮಾಡಿಸಿ, ತರುಣರನ್ನು ಸೇನೆಯ ಕಡೆಗೆ ಒಲಿಸುವುದಕ್ಕಾಗಿ ಧರ್ಮಕ್ಕೆ ಹಂಚಿತು. ಇಪ್ಪತ್ತು ವರ್ಷ ನಡೆಸಿ 2022ರಲ್ಲಿ ನಿಲ್ಲಿಸಿತು. ಲೆಬನಾನಿನ ಹಿಜ್ಬುಲ್ಲಾ ಪಕ್ಷದವರು 2003ರಲ್ಲಿ ತಮ್ಮ ಯುದ್ಧದ ಆಟವನ್ನು ಹೊರಡಿಸಿದರು. ನಾಳೆ ಒಬ್ಬನು ನೆರೆಯ ಕೇರಿಯವರನ್ನೇ ಗುರಿಯಾಗಿಟ್ಟು ಆಟ ಮಾಡಿದರೆ, ಅದೂ ತನ್ನ ಪಕ್ಷದ ಪ್ರತಿರೋಧವೆಂದೇ ಹೇಳುವನು. ಅಂಗಡಿಯವನು ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಕೂಡದು? ಕಟ್ಟಳೆ ಎಲ್ಲರಿಗೂ ಒಂದೇ ಎಂದುಬಿಡುವುದು ಅವನಿಗೆ ಸುಲಭ. ಆದರೆ ಸ್ವಂತ ರೇಡಿಯೋ, ಸ್ವಂತ ಪತ್ರಿಕೆ, ಸ್ವಂತ ವಿಮಾನ ಇದ್ದವನಿಗೆ ಆಟದ ಅಂಗಡಿ ಮುಚ್ಚಿದರೆ ನಷ್ಟವಿಲ್ಲ. ಅದೊಂದೇ ಬಾಗಿಲು ಇದ್ದವನಿಗೆ ಕಟ್ಟಳೆಯ ಭಾರವೆಲ್ಲ ಬೀಳುವುದು.

ಬರ್ಮೀಯರ ಆಟದ ವಿಷಯದಲ್ಲಿ ನನ್ನ ಮನಸ್ಸು ಪೂರ್ಣವಾಗಿ ಒಪ್ಪದಿರುವುದು ಇನ್ನೊಂದು ಕಾರಣದಿಂದ. ರಾಮೋತ್ಸವಕ್ಕೆ ಐವತ್ತು ರೂಪಾಯಿ ಚಂದಾ ಕೊಟ್ಟರೂ ನಾವು ರಸೀತಿ ಕೇಳುವ ಜನ. ಅಲ್ಲಿ ರಸೀತಿಯಿರಲಾರದು, ದುಡ್ಡು ಮುಟ್ಟಿಸಿದವನ ಮತ್ತು ಮುಟ್ಟಿಸಿಕೊಂಡವನ ಹೆಸರುಗಳನ್ನು ಬರೆದಿಟ್ಟರೆ ಅದೇ ಅವರ ಮೇಲೆ ಸಾಕ್ಷ್ಯವಾಗುವುದು. ನಂಬಿಕೆಯೊಂದೇ ಲೆಕ್ಕಪುಸ್ತಕ. ಅಲ್ಲದೆ, ತೆರೆಯ ಮೇಲೆ ಬೀಳುವ ಸಿಪಾಯಿಯೂ ಬಹುಶಃ ಬಡ ರೈತನ ಮಗನೇ. 2024ರ ಫೆಬ್ರವರಿಯಲ್ಲಿ ಅಲ್ಲಿನ ಸೇನಾಧಿಕಾರಿಗಳು, ಹದಿನೆಂಟರಿಂದ ಮೂವತ್ತೈದರ ವರೆಗಿನ ಗಂಡಸರೆಲ್ಲ ಸೇನೆಯಲ್ಲಿ ದುಡಿಯತಕ್ಕುದೆಂಬ ಹಳೆಯ ಕಾನೂನನ್ನು ಜಾರಿಗೆ ತಂದರು. ಆ ಮೇಲೆ, ನಿನ್ನೆ ಆಟದಲ್ಲಿ ಸಿಪಾಯಿಯನ್ನು ಹೊಡೆದ ಹುಡುಗನೇ ನಾಳೆ ಬಲವಂತಕ್ಕೆ ಸಿಪಾಯಿಯ ಅಂಗಿ ತೊಡುವಂತಾಯಿತು. ಇದನ್ನು ಯಾವ ಆಟದ ಕಟ್ಟಳೆ ಬಿಡಿಸಿತು? ಹಾಗೆಂದು ಆ ಆಟವನ್ನು ಇಲ್ಲಿ ಸುಖವಾಗಿ ಕುಳಿತು ಖಂಡಿಸುವ ಧೈರ್ಯವೂ ನನಗಿಲ್ಲ. ತಪ್ಪಲೆ ಬಡಿದವರಿಗೆ ಗುಂಡು ಉತ್ತರವಾದ ಮೇಲೆ, ಅವರ ಮಕ್ಕಳು ಇನ್ನೇನನ್ನು ಹಿಡಿಯಬೇಕಿತ್ತೆಂದು ಹೇಳಬಲ್ಲವರು ಹೇಳಲಿ.

ಬಂದೂಕನ್ನು ಆಟಗಾರನ ಕೈಗೆ ಕೊಟ್ಟು ಮೆರೆಸದ ಆಟವೂ ಒಂದುಂಟು. ಅದು ನನಗೆ ಹೆಚ್ಚು ಹಿಡಿಸಿತು; ಅದನ್ನು ಹುಡುಗನು ತನ್ನ ಸ್ನೇಹಿತನ ಮನೆಯ ಕಂಪ್ಯೂಟರಿನಲ್ಲಿ ನನಗೆ ತೋರಿಸಿದನು. ಪೋಲೆಂಡಿನ ವಾರ್ಸಾ ನಗರದ ಒಂದು ಕಂಪೆನಿಯವರು 2014ರಲ್ಲಿ ರಚಿಸಿದ ಅದರ ಹೆಸರು ‘ದಿಸ್ ವಾರ್ ಆಫ್ ಮೈನ್’. 1992ರಿಂದ 1996ರ ವರೆಗೆ ಬೋಸ್ನಿಯಾದ ಸರಾಯೇವೊ ನಗರವನ್ನು ಶತ್ರುಗಳು ಮುತ್ತಿಗೆ ಹಾಕಿದ್ದಾಗ ಅಲ್ಲಿನ ಜನರು ಬದುಕಿದ ಬಗೆಯೇ ಅದಕ್ಕೆ ಪ್ರೇರಣೆ. ಆಟದೊಳಗಿನ ನಗರಕ್ಕೆ ಮಾತ್ರ ಕಲ್ಪಿತವಾದ ಹೆಸರು. ಆಟಗಾರನು ಮುರಿದ ಮನೆಯೊಂದರಲ್ಲಿ ಅಡಗಿರುವ ಮೂರು ನಾಲ್ಕು ಜನ ಸಾಮಾನ್ಯರನ್ನು ನೋಡಿಕೊಳ್ಳಬೇಕು. ಹಗಲು ಹೊರಗೆ ತಲೆಹಾಕುವಂತಿಲ್ಲ. ಒಳಗೆ ಒಲೆ ಹೂಡಬೇಕು, ಮಳೆಯ ನೀರನ್ನು ಹಿಡಿಯಬೇಕು, ಮಂಚ ಮಾಡಬೇಕು. ಅಡಿಗೆಗೆ ನೀರೂ ಬೇಕು, ಸೌದೆಯೂ ಬೇಕು. ಸೌದೆಯನ್ನು ಒಲೆಗೆ ಹಾಕಿದರೆ ಚಳಿಗೆ ಉಳಿಯದು. ರಾತ್ರಿ ಒಬ್ಬನು ಹೊರಗೆ ಹೋಗಿ ಸಿಕ್ಕಿದುದನ್ನು ತರಬೇಕು.

ನಮ್ಮ ಮನೆಯಾಕೆಯೂ ಜೊತೆಗೆ ಬಂದಿದ್ದಳು. ಮೊದಲು ಬಾಗಿಲ ಹತ್ತಿರ ನಿಂತಿದ್ದವಳು ಒಲೆಯ ಲೆಕ್ಕ ಬಂದೊಡನೆ ಕುರ್ಚಿ ಎಳೆದುಕೊಂಡಳು. “ಎಲ್ಲರಿಗೂ ಇವತ್ತೇ ಬಡಿಸಬೇಡ, ಜ್ವರ ಬಂದವನಿಗೆ ಹಾಕು, ಉಳಿದವರು ನಾಳೆ ಉಂಡಾರು” ಎಂದು ಹುಡುಗನಿಗೆ ಅಪ್ಪಣೆ ಕೊಡತೊಡಗಿದಳು. ಎರಡನೆಯ ರಾತ್ರಿಯೊ ಮೂರನೆಯ ರಾತ್ರಿಯೊ ಹುಡುಗನ ಆಳು ಒಂದು ಮನೆಯನ್ನು ಹೊಕ್ಕನು. ಅಲ್ಲಿ ಮುದುಕ ಮುದುಕಿ ಇಬ್ಬರೇ. ಮುದುಕನು ತಮ್ಮದನ್ನು ಒಯ್ಯಬೇಡವೆಂದು ಬೇಡಿಕೊಳ್ಳುತ್ತ ಹಿಂದೆ ಹಿಂದೆಯೇ ಬರುತ್ತಿದ್ದನು. ಪೆಟ್ಟಿಗೆಯಲ್ಲಿ ಔಷಧವೂ ಆಹಾರವೂ ಇದ್ದುವು. ಹುಡುಗನು ನಮ್ಮಿಬ್ಬರ ಮುಖವನ್ನು ನೋಡಿದನು. ನಾವಿಬ್ಬರೂ ಮುದುಕರೇ, ಏನು ಹೇಳೋಣ? ಕಡೆಗೆ ಅವನು ತೆಗೆದುಕೊಂಡನು. ಮರುದಿನ ಆಟದಲ್ಲಿ, ಕದ್ದು ತಂದವನು ಏಳದೆ ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟನು. ನಮ್ಮ ಹುಡುಗನೂ ಆ ರಾತ್ರಿ ಹೆಚ್ಚು ಮಾತನಾಡಲಿಲ್ಲ. ಇಪ್ಪತ್ತು ಮಂದಿಯನ್ನು ಕೊಂದ ದಿನ ಅವನು ಎರಡು ದೋಸೆ ಹೆಚ್ಚಿಗೆ ತಿಂದಿದ್ದನು.

ಪೋಲೆಂಡಿನ ಸರ್ಕಾರವು 2020ರಲ್ಲಿ ಈ ಆಟವನ್ನು, ಪ್ರಾಯಕ್ಕೆ ಬಂದ ವಿದ್ಯಾರ್ಥಿಗಳು ಐಚ್ಛಿಕವಾಗಿ ಓದಬಹುದಾದ ಪುಸ್ತಕಗಳ ಪಟ್ಟಿಯಲ್ಲಿ ಸೇರಿಸಿತು. 2022ರ ಫೆಬ್ರವರಿ 24ರಂದು ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋದ ದಿನವೇ, ಮುಂದಿನ ಏಳು ದಿನಗಳ ಲಾಭವನ್ನೆಲ್ಲ ಯುಕ್ರೇನಿನ ರೆಡ್ ಕ್ರಾಸಿಗೆ ಕೊಡುವೆವೆಂದು ಕಂಪೆನಿಯವರು ಸಾರಿದರು. ಕೂಡಿದ ಹಣ 8 ಲಕ್ಷ ಡಾಲರಿಗೂ ಮಿಕ್ಕಿತು. ಅದಕ್ಕೆ ರಸೀತಿಯೂ ಇದ್ದಿತು. ಕೊಟ್ಟವರು ಯಾರೂ ಸೆರೆಗೆ ಹೋಗಬೇಕಾಗಿರಲಿಲ್ಲ. ಗಡಿಯ ಈಚೆ ಕುಳಿತವರಿಗೂ ಆಚೆ ಸಿಕ್ಕಿಬಿದ್ದವರಿಗೂ ಇರುವ ವ್ಯತ್ಯಾಸ ಇಷ್ಟೆ.

ಮತ್ತೊಬ್ಬನ ವೃತ್ತಾಂತವನ್ನು ಹೇಳದೆ ಬಿಡಲಾರೆ. ಆಫ್ರಿಕಾ ಖಂಡದ ದಕ್ಷಿಣ ಸೂಡಾನಿನವನಾದ ಲೂಆಲ್ ಮಾಯೆನ್ ಎಂಬಾತನು, ತಾಯಿತಂದೆಗಳು ಅಂತಃಕಲಹದಿಂದ ತಪ್ಪಿಸಿಕೊಂಡು ಓಡುತ್ತಿದ್ದಾಗ ದಾರಿಯಲ್ಲಿಯೇ ಹುಟ್ಟಿದವನು. ಬೆಳೆದುದು ಉಗಾಂಡಾದ ನಿರಾಶ್ರಿತರ ಶಿಬಿರದಲ್ಲಿ. ಎಲ್ಲಿಯೋ ಒಂದು ಕಂಪ್ಯೂಟರನ್ನು ಕಂಡು, ಅದೊಂದು ತನಗೆ ಬೇಕೆಂದು ತಾಯಿಯೊಡನೆ ಹೇಳಿದನು. ಶಿಬಿರದಲ್ಲಿ ಅನ್ನಕ್ಕೇ ಅಳತೆಯಿರುವಾಗ ಅದೆಂತಹ ಬಯಕೆ! ಆ ತಾಯಿ ಒಂದು ಮಾತನ್ನೂ ಆಡದೆ ಮೂರು ವರ್ಷ ಕಾಸಿಗೆ ಕಾಸು ಸೇರಿಸಿ, 300 ಡಾಲರು ಕೂಡಿಸಿ ಮಗನ ಕೈಗಿತ್ತಳು. ಕಂಪ್ಯೂಟರು ಬಂದಿತು, ಶಿಬಿರದಲ್ಲಿ ವಿದ್ಯುಚ್ಛಕ್ತಿ ಇರಲಿಲ್ಲ. ಅದಕ್ಕೆ ಶಕ್ತಿ ತುಂಬಿಸಿಕೊಂಡು ಬರಲು ಮೂರು ಗಂಟೆಯ ಹಾದಿ ನಡೆಯುತ್ತಿದ್ದನು. ಹಾಗೆ ಕಲಿತು ಅವನು ಮಾಡಿದ ಆಟದ ಹೆಸರು ‘ಸಲಾಮ್’. ಅರಬ್ಬಿಯಲ್ಲಿ ಶಾಂತಿಯೆಂದು ಅರ್ಥ. ಅದರಲ್ಲಿ ಹೊಡೆಯುವುದಿಲ್ಲ, ಓಡುವುದು ಮಾತ್ರ. ಓಡುವವನಿಗೆ ನೀರು ಬೇಕು, ಅನ್ನ ಬೇಕು, ಸಿಕ್ಕದಿದ್ದರೆ ಬೀಳುವನು. ಇದು ರಾಜಕೀಯವೊ ಅಲ್ಲವೊ ಎಂದು ವಾದಿಸುವವರು ವಾದಿಸಬಹುದು. ಬಂದೂಕು ಹಿಡಿದ ಎರಡೂ ಪಕ್ಷದವರ ಕಥೆಯಲ್ಲಿ ಲೆಕ್ಕಕ್ಕೇ ಬಾರದಿದ್ದವನು, ತಾನೂ ಲೆಕ್ಕಕ್ಕುಂಟೆಂದು ಅವರ ಅಪ್ಪಣೆಯಿಲ್ಲದೆಯೇ ಹೇಳಿದನಲ್ಲವೆ?

ಕಾಗದ ಬರೆದ ವಾಚಕ ಮಹಾಶಯರಿಗೆ ಇಷ್ಟು ವಿಜ್ಞಾಪಿಸಿದುದಾಯಿತು. ಹೋದ ತಿಂಗಳ ಆ ಒಂದು ವಾಕ್ಯವನ್ನು ಹಿಂತೆಗೆದುಕೊಂಡಿದ್ದೇನೆ. ಅದರ ಬದಲು ಯಾವ ವಾಕ್ಯ ಬರೆಯಬೇಕೆಂಬುದು ಇನ್ನೂ ನಿಶ್ಚಯವಾಗಿಲ್ಲ.

ಮೊನ್ನೆ ಹುಡುಗನು ತನ್ನ ಹಳೆಯ ಆಟವನ್ನೇ ಆಡುತ್ತಿದ್ದನು. ಜಾಹೀರಾತು ಬಂದಿತು. ಅದು ಮುಗಿಯುವುದನ್ನು ಕಾಯುತ್ತ, “ತಾತ, ಈ ಅರ್ಧ ನಿಮಿಷದ ದುಡ್ಡು ಯಾರಿಗೆ ಹೋಗುತ್ತದೆ?” ಎಂದು ಕೇಳಿದನು. ನನಗೆ ತಿಳಿಯದು. ಇಬ್ಬರೂ ಸೇರಿ ಆಟದ ಕೊನೆಯ ಪುಟದ ವರೆಗೂ ಹುಡುಕಿದೆವು. ಒಂದು ಕಂಪೆನಿಯ ಹೆಸರೂ ಯಾವುದೋ ದೂರದ ದೇಶದ ವಿಳಾಸವೂ ಸಿಕ್ಕಿದುವು. ಅಷ್ಟರಲ್ಲಿ ಒಳಗಿನಿಂದ ಎಲೆ ಹಾಕಿದೆಯೆಂದು ಕರೆ ಬಂದಿತು.